ಕಲಿತ ಮಾತು, ಮರೆತ ಮಾತು

ಸಂಶೋಧನೆಯ ನಿಮಿತ್ತವಾಗಿ ಒಂದು ವರ್ಷ ಕಾಲ ಜರ್ಮನಿಯ ಗೋಟಿಂಗನ್ ನಗರದಲ್ಲಿ ಸಂಸಾರಸಮೇತನಾಗಿ ವಾಸಮಾಡುವ ಪ್ರಸಂಗ ನನಗೆ ಒದಗಿದಾಗ, ಮೈಸೂರಿನಿಂದ ನಮ್ಮನ್ನು ಬೀಳ್ಕೊಟ್ಟ ಬಂಧುಮಿತ್ರರು ಹೇಳಿದ ಸಮಾಧಾನದ ನುಡಿಗಳಲ್ಲಿ ಒಂದು ಮಾತ್ರ ಎಲ್ಲರ ಬಾಯಲ್ಲಿಯೂ ಸಮಾನವಾಗಿತ್ತು: “ದೊಡ್ಡವರ ಪಾಡು ಹೇಗೋ ಏನೋ; ಮಕ್ಕಳ ಯೋಚನೆ ಬೇಡ. ಮೂರು ತಿಂಗಳಲ್ಲಿ ಅವು ಅಲ್ಲಿಯ ಭಾಷೆಯನ್ನು ನೀರು ಕುಡಿದಂತೆ ಕಲಿತುಬಿಡುತ್ತವೆ.” ಆಗ ಮಗನಿಗೆ ಆರು ವರ್ಷ, ಮಗಳಿಗೆ ಮೂರೂವರೆ. ಮೂರು ತಿಂಗಳು ಕಳೆದವು; ಹಗಲು ಎಂಟು ಗಂಟೆಗೆ ಇಳಿದು, ಸಂಜೆ ನಾಲ್ಕಕ್ಕೆಲ್ಲ ದೀಪ ಹಾಕಬೇಕಾದ ಡಿಸೆಂಬರಿನ ದಿನಗಳೂ ಬಂದವು; ಮಗಳು ಶಿಶುವಿಹಾರದಲ್ಲಿ ಒಂದು ಮಾತನ್ನೂ ಆಡಿರಲಿಲ್ಲ.

ಬೆಳಿಗ್ಗೆ ಹೋಗುವಳು, ಬಾಗಿಲ ಬಳಿ ಬೂಟು ಕಳಚಿ, ಆ ದೇಶದ ಪದ್ಧತಿಯಂತೆ ಒಳಗೆ ಮೆಟ್ಟುವ ಮೆತ್ತನೆಯ ಚಪ್ಪಲಿ ಹಾಕಿಕೊಂಡು, ಮಕ್ಕಳ ನಡುವೆ ಕುಳಿತು ಮರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುವಳು, ಊಟದ ಹೊತ್ತಿಗೆ ಬೆರಳು ತೋರಿಸಿ ಬೇಕಾದುದನ್ನು ಪಡೆಯುವಳು, ತುಟಿ ಮಾತ್ರ ತೆರೆಯಳು. “ಮನೆಯಲ್ಲಿ ಮಗು ಮಾತನಾಡುತ್ತದೆಯಷ್ಟೆ?” ಎಂದು ಅಲ್ಲಿಯ ಉಪಾಧ್ಯಾಯಿನಿ ಒಂದು ದಿನ ಬಹಳ ಸಂಕೋಚದಿಂದ ವಿಚಾರಿಸಿದಾಗ, ಮನೆಯಲ್ಲಿ ಅವಳ ಮಾತಿನ ಮಳೆಗೆ ಕಿವಿ ಮುಚ್ಚಿಕೊಳ್ಳುವ ತಂದೆಯಾದ ನನಗೆ ನಗಬೇಕೋ ಅಳಬೇಕೋ ತಿಳಿಯದಾಯಿತು. ಮಕ್ಕಳು ಪರಭಾಷೆಯನ್ನು ಕಲಿಯುವ ಬಗೆಯನ್ನು ಕುರಿತು ಶಾಸ್ತ್ರಜ್ಞರು ಏನು ಹೇಳಿದ್ದಾರೆಂದು ಹುಡುಕಿ ಓದತೊಡಗಿದ್ದು ಆ ಸಂಜೆಯಿಂದ.

ಕಲಿಕೆ ಮೊದಲಾಗುವುದು ನಾಲಗೆಯಿಂದಲ್ಲ, ಕಿವಿಯಿಂದ. ಇದಕ್ಕೆ ನಿದರ್ಶನ ಆಟದ ಬಯಲಿನಲ್ಲಿಯೇ ದೊರೆಯಿತು. ನಾವು ಹೋದ ಹೊಸದರಲ್ಲಿ ಮಗಳು ಉಯ್ಯಾಲೆಯ ಮೇಲಿಂದ “ಅಣ್ಣಾ, ಅಣ್ಣಾ” ಎಂದು ಕೂಗಿದಳು. ಸುತ್ತ ನೆರೆದಿದ್ದ ಜರ್ಮನ್ ಹುಡುಗರು ಗೊಳ್ಳೆಂದು ನಕ್ಕರು. ‘ಅನಾ’ ಎಂಬುದು ಆ ದೇಶದಲ್ಲಿ ಮನೆಮನೆಯಲ್ಲಿಯೂ ಕೇಳಿಬರುವ ಹೆಣ್ಣುಮಕ್ಕಳ ಹೆಸರು. ಈ ಹುಡುಗನಿಗೆ ಹುಡುಗಿಯ ಹೆಸರಿಟ್ಟಿದ್ದಾರೆಂದು ಅವರ ತಿಳಿವಳಿಕೆ. ಮಗ ಕೆರಳಿ, ನಾಲಗೆಯನ್ನು ಮೇಲಕ್ಕೆ ಮಡಿಸಿ, “ಅನಾ ಅಲ್ಲ, ಅಣ್ಣ!” ಎಂದು ಹತ್ತು ಸಲ ಹೇಳಿದನು. ಅವರ ಕಿವಿಗೆ ಎರಡೂ ಒಂದೇ ಆಗಿ ಕೇಳಿಸಿತು. ‘ಅಣ್ಣ’ನನ್ನೂ ‘ಅನ್ನ’ವನ್ನೂ ಎಂದೂ ಕಲಸಿಕೊಳ್ಳದ ನಮಗೆ ಇದೊಂದು ವಿನೋದ, ಆದರೆ ಬಾಗಿಲೆಂಬರ್ಥದ ಜರ್ಮನ್ ಮಾತಿನಲ್ಲಿ ‘ಉ’ಕಾರಕ್ಕೆಂದು ತುಟಿ ದುಂಡಗೆ ಮಾಡಿ ‘ಇ’ಕಾರ ನುಡಿಯಬೇಕಾದ ಸ್ವರವೊಂದುಂಟು, ಅದನ್ನು ನಾನು ವರ್ಷವಿಡೀ ತಪ್ಪಾಗಿಯೇ ಉಚ್ಚರಿಸಿ ಮಗನಿಂದ ತಿದ್ದಿಸಿಕೊಂಡೆನೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳುವುದು ನ್ಯಾಯ.

ದಂತ್ಯ ಮೂರ್ಧನ್ಯಗಳ ಈ ಭೇದವನ್ನೇ ಹಿಡಿದು ಕೆನಡಾ ದೇಶದ ವ್ಯಾಂಕೂವರಿನಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಮನಶ್ಶಾಸ್ತ್ರಜ್ಞರು ಪರೀಕ್ಷೆಗಳನ್ನು ನಡೆಸಿ, 1984ರಲ್ಲಿ ಫಲಿತವನ್ನು ಪ್ರಕಟಿಸಿದರು. ತಾಯಿಯ ತೊಡೆಯ ಮೇಲೆ ಕುಳಿತ ಕೂಸಿಗೆ ಹಿಂದಿಯ ‘ತ’ಕಾರವನ್ನು ಒಂದೇ ಸಮನೆ ಕೇಳಿಸುತ್ತಿದ್ದು, ನಡುವೆ ‘ಟ’ಕಾರವನ್ನು ತರುವುದು, ಸದ್ದು ಬದಲಾದುದನ್ನು ಗುರುತಿಸಿ ಕೂಸು ತಲೆ ತಿರುಗಿಸಿದರೆ, ಆ ಕಡೆಯ ಪೆಟ್ಟಿಗೆಯಲ್ಲಿ ದೀಪ ಬೆಳಗಿ ಗೊಂಬೆಯೊಂದು ಕುಣಿಯುವುದು. ತಾಯಿ ತನಗರಿವಿಲ್ಲದೆಯೇ ಸುಳಿವು ಕೊಡದಿರಲೆಂದು ಅವಳ ಕಿವಿಗೆ ಸಂಗೀತ ಕೇಳಿಸುವ ಮುಚ್ಚಳಗಳು. ಇಂಗ್ಲಿಷ್ ಮಾತನಾಡುವ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು, ತಮ್ಮ ತಂದೆತಾಯಿಗಳಿಗೇ ಕೇಳಿಸದ ಈ ಭೇದವನ್ನು ಸಲೀಸಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳವುಗಳಲ್ಲಿ ಹೆಚ್ಚಿನವಕ್ಕೆ ಅದು ಸಾಧ್ಯವಾಗಲಿಲ್ಲ. ಹಿಂದಿಯನ್ನು ಕೇಳಿ ಬೆಳೆದ ಅದೇ ವಯಸ್ಸಿನ ಕೂಸುಗಳಿಗೆ ಸಾಧ್ಯವಾಯಿತು. ಎಲ್ಲ ಭಾಷೆಗಳ ನಾದಗಳಿಗೂ ಬಾಗಿಲು ತೆರೆದುಕೊಂಡು ಹುಟ್ಟುವ ಮಗು, ಮೊದಲ ಹುಟ್ಟುಹಬ್ಬ ಬರುವ ಹೊತ್ತಿಗೆ ತನಗೆ ಬೇಡದ ಬಾಗಿಲುಗಳನ್ನು ಒಂದೊಂದಾಗಿ ಮುಂದಕ್ಕೆಳೆದುಕೊಳ್ಳುತ್ತದೆಂದಾಯಿತು. ಚಿಲಕ ಹಾಕಿರುವುದಿಲ್ಲವಾದ್ದರಿಂದ, ಮೂರು ಆರು ವರ್ಷದವರು ಅವನ್ನು ಮತ್ತೆ ತಳ್ಳಿ ತೆರೆಯಬಲ್ಲರು. ನಲವತ್ತರ ನನ್ನಂಥವನಿಗೆ ತಳ್ಳಿದರೂ ಸಂದು ಬಿಡುವುದಿಲ್ಲ.

ಹಾಗಾದರೆ ಚಿಕ್ಕ ಮಕ್ಕಳು ಬೇಗ ಕಲಿಯುವರೆಂಬ ಲೋಕೋಕ್ತಿ ದಿಟವಾಯಿತಲ್ಲ ಎಂದು ಕೇಳಬಹುದು. ಕಿವಿಯ ಸೂಕ್ಷ್ಮತೆ ಬೇರೆ, ಕಲಿಕೆಯ ವೇಗ ಬೇರೆ. ಕ್ಯಾಥರೀನ್ ಸ್ನೋ ಮತ್ತು ಮರಿಯಾನ್ ಹೂಫ್ನಾಗೆಲ್-ಹೋಲೆ ಎಂಬ ವಿದುಷಿಯರು, ಹಾಲೆಂಡಿಗೆ ವಾಸಕ್ಕೆಂದು ಬಂದ ಇಂಗ್ಲಿಷ್ ಭಾಷಿಕರನ್ನು, ಮೂರು ವರ್ಷದ ಮಕ್ಕಳಿಂದ ಮೊದಲುಗೊಂಡು ವಯಸ್ಕರವರೆಗೆ, ಅವರ ಮೊದಲ ವರ್ಷದುದ್ದಕ್ಕೂ ಮತ್ತೆ ಮತ್ತೆ ಪರೀಕ್ಷಿಸಿ 1978ರಲ್ಲಿ ಬರೆದ ಪ್ರಬಂಧವನ್ನು ಓದಿದಾಗ ನನ್ನ ಎದೆಯ ಭಾರ ಅರ್ಧ ಇಳಿಯಿತು. ಮೊದಲ ತಿಂಗಳುಗಳಲ್ಲಿ ಡಚ್ ಭಾಷೆಯಲ್ಲಿ ಮುಂದಿದ್ದವರು ಹನ್ನೆರಡರಿಂದ ಹದಿನೈದರ ವಯಸ್ಸಿನವರೂ ವಯಸ್ಕರೂ. ವರ್ಷದ ಕೊನೆಗೆ ಎಂಟರಿಂದ ಹತ್ತರವರೂ ಹನ್ನೆರಡರಿಂದ ಹದಿನೈದರವರೂ ಎಲ್ಲರಿಗಿಂತ ಮೇಲೆ ನಿಂತರು. ಮೂರರಿಂದ ಐದು ವರ್ಷದ ಮಕ್ಕಳು ಎಲ್ಲರಿಗಿಂತ ಹಿಂದಿದ್ದರು. ಬಹುಕಾಲ ಆ ನಾಡಿನಲ್ಲಿಯೇ ನೆಲಸಿದರೆ ಕೊನೆಗೆ ಆ ಭಾಷೆಯನ್ನು ಅದರಲ್ಲೇ ಹುಟ್ಟಿದವರಂತೆ ಆಡಬಲ್ಲವರು ಚಿಕ್ಕಂದಿನಲ್ಲಿ ಬಂದವರೇ ಎಂಬುದರಲ್ಲಿ ಸಂಶಯವಿಲ್ಲ; ಆದರೆ ಅದು ದೀರ್ಘಪ್ರಯಾಣದ ಫಲ, ಒಂದು ವರ್ಷದ್ದಲ್ಲ. ಬೆಳೆದವರಿಗೆ ಒಂದು ಭಾಷೆಯ ವ್ಯಾಕರಣ ಆಗಲೇ ಕೈವಶವಾಗಿರುತ್ತದೆ, ಓದುಬರಹ ಊರುಗೋಲಾಗಿರುತ್ತದೆ. ಮೂರೂವರೆ ವರ್ಷದ ಮಗು ಎಲ್ಲವನ್ನೂ ಬರಿಗೈಯಿಂದಲೇ ಅಗೆಯಬೇಕು.

ಆ ಅಗೆತ ನಡೆಯುವುದು ಮೌನದಲ್ಲಿ. ಪರಭಾಷೆಯ ನಡುವೆ ಹೊಗಿಸಲ್ಪಟ್ಟ ಮಗು ಕೆಲವು ವಾರ, ಒಮ್ಮೊಮ್ಮೆ ಕೆಲವು ತಿಂಗಳೇ ಬಾಯಿ ಬಿಡದಿರುವುದು ವಿದ್ವಾಂಸರಿಗೆ ಚಿರಪರಿಚಿತ. ಈ ಮೌನದ ಒಳಗೇನಿದೆಯೆಂದು ಇಣುಕಿ ನೋಡಿದವರು ಮ್ಯೂರಿಯಲ್ ಸ್ಯಾವಿಲ್-ಟ್ರಾಯ್ಕ್. ಚೀನ, ಜಪಾನ್, ಕೊರಿಯಗಳಿಂದ ಅಮೆರಿಕಕ್ಕೆ ಬಂದ ಪುಟ್ಟ ಮಕ್ಕಳ ಅಂಗಿಗೆ ತಂತಿಯಿಲ್ಲದ ಚಿಕ್ಕ ಮೈಕುಗಳನ್ನು ಸಿಕ್ಕಿಸಿ ಅವರು ಧ್ವನಿಮುದ್ರಿಸಿಕೊಂಡಾಗ, ಮೂಕರೆಂದು ತೋರುತ್ತಿದ್ದ ಮಕ್ಕಳಲ್ಲಿ ಹಲವರು ಯಾರ ಕಿವಿಗೂ ಬೀಳದಷ್ಟು ಮೆಲ್ಲಗೆ ತಮಗೆ ತಾವೇ ಇಂಗ್ಲಿಷ್ ಪದಗಳನ್ನು ಪಿಸುಗುಟ್ಟುತ್ತಿದ್ದುದು, ಇತರರ ಮಾತಿನ ಕೊನೆಯನ್ನು ಎತ್ತಿಕೊಂಡು ಮತ್ತೆ ಮತ್ತೆ ನುಡಿದು ನೋಡುತ್ತಿದ್ದುದು ಬೆಳಕಿಗೆ ಬಂದಿತು. ಇದನ್ನು ಅವರು 1988ರಲ್ಲಿ ಪ್ರಕಟಿಸಿದರು. ಇದನ್ನು ಓದಿದ ಮೇಲೆ ನನಗೆ ನವೆಂಬರ್ 11ರ ರಾತ್ರಿ ನೆನಪಾಯಿತು. ಸಂತ ಮಾರ್ಟಿನನ ಹಬ್ಬದಂದು ಅಲ್ಲಿಯ ಮಕ್ಕಳು ತಾವೇ ಮಾಡಿದ ಕಾಗದದ ಲಾಂದ್ರಗಳನ್ನು ಕೋಲಿಗೆ ಕಟ್ಟಿಕೊಂಡು, ಹಾಡುತ್ತ ಬೀದಿಯಲ್ಲಿ ಮೆರವಣಿಗೆ ಹೋಗುವುದುಂಟು. ಮಗಳು ತನ್ನ ಲಾಂದ್ರವನ್ನು ಎರಡೂ ಕೈಗಳಿಂದ ಹಿಡಿದು ನಡೆಯುತ್ತಿದ್ದಳು. ಕಿತ್ತಳೆ ಬಣ್ಣದ ಬೆಳಕು ಅವಳ ಗಲ್ಲದ ಮೇಲೆ ಬಿದ್ದಿತ್ತು. ದನಿಯಿಲ್ಲ, ಆದರೆ ತುಟಿಗಳು ಹಾಡಿನೊಡನೆ ಅಲುಗುತ್ತಿದ್ದವು. ಚಳಿಗೆ ತುಟಿ ನಡುಗುತ್ತಿದೆಯೆಂದು ಭಾವಿಸಿ ನಾನು ಅವಳ ಕುಲಾವಿಯನ್ನು ಕೆಳಕ್ಕೆಳೆದಿದ್ದೆನು.

ಮೌನ ಮುರಿದದ್ದು ಫೆಬ್ರವರಿಯಲ್ಲಿ, ಹಿಮ ಬಿದ್ದ ಒಂದು ಬೆಳಿಗ್ಗೆ. ಪಕ್ಕದ ಮನೆಯ ಹುಡುಗಿ ಜಾರುಬಂಡಿಯನ್ನೆಳೆದುಕೊಂಡು ದಿಣ್ಣೆಯ ಕಡೆಗೆ ಹೊರಟಳು, ನಮ್ಮವಳು ಹಿಂದಿನಿಂದ ಓಡುತ್ತ “ಇಶ್ ಔಖ್! ಇಶ್ ಔಖ್!” ಎಂದು ಕಿರುಚಿದಳು. “ನಾನೂ, ನಾನೂ” ಎಂದರ್ಥ. ಅದು ಬಿಡಿಸಿ ಕಲಿತ ವಾಕ್ಯವಲ್ಲ. ಇಡಿಯಾಗಿ ಎತ್ತಿಕೊಂಡ ಗಂಟು. ಸ್ಪ್ಯಾನಿಷ್ ಭಾಷೆಯ ಐದು ಮಕ್ಕಳು ಅಮೆರಿಕದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿತ ಬಗೆಯನ್ನು ಒಂದು ಶಾಲಾವರ್ಷ ಕಾಲ ಗಮನಿಸಿದ ಲಿಲಿ ವಾಂಗ್ ಫಿಲ್ಮೋರ್, ಮಕ್ಕಳು ಮೊದಲು ಇಂಥ ಇಡಿಗಂಟುಗಳನ್ನು ಹಿಡಿದು ಆಟದ ಗುಂಪಿನೊಳಕ್ಕೆ ನುಗ್ಗುತ್ತಾರೆ, ವ್ಯಾಕರಣವನ್ನು ಆ ಗಂಟುಗಳನ್ನು ಬಿಚ್ಚುತ್ತ ಆಮೇಲೆ ಸಂಪಾದಿಸಿಕೊಳ್ಳುತ್ತಾರೆ ಎಂದು 1976ರಲ್ಲಿ ತೋರಿಸಿಕೊಟ್ಟಿದ್ದರು. ನಾವು ದೊಡ್ಡವರು ಭಾಷೆಯನ್ನು ಕಲಿತು ಸ್ನೇಹಿತರನ್ನು ಹುಡುಕುತ್ತೇವೆ. ಮಗು ಸ್ನೇಹಿತೆಯನ್ನು ಹಿಡಿದು ಅವಳ ಹಿಂದೆ ಬರುವ ಭಾಷೆಯನ್ನು ಪಡೆಯುತ್ತದೆ.

ಎದುರಿಗೊಬ್ಬರು ಬೇಕೇ ಬೇಕೆಂಬುದಕ್ಕೆ ಇನ್ನೂ ನಿಷ್ಕೃಷ್ಟವಾದ ಪ್ರಮಾಣವುಂಟು. ಸಿಯಾಟಲ್ ನಗರದಲ್ಲಿ ಪೆಟ್ರೀಷಿಯ ಕೂಲ್ ಮತ್ತು ಸಂಗಡಿಗರು, ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಎದುರು ಚೀನೀ ಭಾಷಿಕರನ್ನು ಕೂರಿಸಿ, ಹನ್ನೆರಡು ಸಲ ಆಟವಾಡಿಸಿ ಮಾತಾಡಿಸಿದಾಗ, ಆ ಭಾಷೆಯ ನಾದಭೇದ ಕೂಸುಗಳಿಗೆ ಹತ್ತಿತು. ಅದೇ ಜನರ ಅದೇ ಮಾತನ್ನು ದೂರದರ್ಶನದ ಪರದೆಯ ಮೇಲೆ ಅಷ್ಟೇ ಹೊತ್ತು ತೋರಿಸಿದಾಗ ಏನೂ ಹತ್ತಲಿಲ್ಲ. ಇದು 2003ರ ಸಂಗತಿ. ಪರದೆಯೇ ದೋಷಿಯೇ ಎಂದರೆ, ಹಾಗೂ ಅಲ್ಲ: ಎರಡು ವರ್ಷ ದಾಟಿದ ಮಕ್ಕಳು ವಿಡಿಯೊ ಕರೆಯಲ್ಲಿ, ಅಂದರೆ ತಾವು ಅಂದದ್ದಕ್ಕೆ ಆ ಕ್ಷಣದಲ್ಲಿಯೇ ಮರುನುಡಿಯುವವರಿಂದ, ಹೊಸ ಪದಗಳನ್ನು ಕಲಿತರೆಂದೂ, ಮೊದಲೇ ಮುದ್ರಿಸಿಟ್ಟ ಚಿತ್ರದಿಂದ ಕಲಿಯಲಿಲ್ಲವೆಂದೂ 2014ರಲ್ಲಿ ಮತ್ತೊಂದು ತಂಡ ಕಂಡುಹಿಡಿಯಿತು. ನಮ್ಮ ಮನೆಯ ಕನ್ನಡ ಉಳಿದದ್ದರಲ್ಲಿ ಈ ನ್ಯಾಯಕ್ಕೂ ಪಾಲುಂಟು. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ಎರಡಾದರೆ ಮೈಸೂರಿನಲ್ಲಿ ಆರೂವರೆ, ದೇವರಿಗೆ ದೀಪ ಹಚ್ಚುವ ಹೊತ್ತು, ಭಾನುವಾರಗಳಂದು ಅಜ್ಜಿ ದೀಪ ಹಚ್ಚಿ ಕರೆ ಮಾಡುವರು, “ಏನು ತಿಂದ್ಯೇ ಪುಟ್ಟಿ?” ಎನ್ನುವರು. ಮೇ ತಿಂಗಳ ಹೊತ್ತಿಗೆ ಪುಟ್ಟಿಯ ಉತ್ತರದಲ್ಲಿ ಅರ್ಧ ಜರ್ಮನ್ ಬೆರೆತು, “ಇದೇನೋ, ಇವಳ ಮಾತು ನನಗೆ ತಿಳಿಯೋದೇ ಇಲ್ಲವಲ್ಲ” ಎಂದು ಅವರು ನನ್ನನ್ನು ಕರೆಯುವಂತಾಯಿತು.

ಕಲಿತ ಮಾತಿನ ಗತಿ ಮುಂದೇನು? ಇದಕ್ಕೆ ನಾನು ಕಂಡ ಅತ್ಯಂತ ಹೃದಯಸ್ಪರ್ಶಿಯಾದ ವೃತ್ತಾಂತ ನಮ್ಮ ದೇಶದ್ದೇ. ಅಮೆರಿಕದ ಮಾನವಶಾಸ್ತ್ರಜ್ಞ ರಾಬಿನ್ಸ್ ಬರ್ಲಿಂಗ್ 1954ರ ಅಕ್ಟೋಬರಿನಲ್ಲಿ, ಅಂದು ಅಸ್ಸಾಮಿಗೆ ಸೇರಿದ್ದು ಇಂದು ಮೇಘಾಲಯದಲ್ಲಿರುವ ಗಾರೋ ಬೆಟ್ಟಗಳಿಗೆ, ಒಂದು ವರ್ಷ ನಾಲ್ಕು ತಿಂಗಳ ಮಗನೊಡನೆ ಸಂಸಾರಸಹಿತರಾಗಿ ಬಂದು ಸುಮಾರು ಎರಡು ವರ್ಷ ಇದ್ದರು. ಗಾರೋ ಜನರ ಕೈಯಲ್ಲಿ ಬೆಳೆದ ಆ ಮಗುವಿಗೆ ಗಾರೋ ಭಾಷೆ ಇಂಗ್ಲಿಷನ್ನೇ ಹಿಂದಿಕ್ಕುವಷ್ಟು ವಶವಾಯಿತು. ಹಿಂತಿರುಗುವ ಪ್ರಯಾಣದಲ್ಲಿ ವಿಮಾನದಲ್ಲಿ ಪಕ್ಕಕ್ಕೆ ಬಂದು ಕುಳಿತ ಮಲಯ ದೇಶದ ಹುಡುಗನೊಬ್ಬನ ಮುಖಚಹರೆ ಗಾರೋ ಜನರಂತೆಯೇ ಕಂಡುದರಿಂದ, ಮೂರು ವರ್ಷದ ಈ ಬಾಲಕ, ವಾರಗಟ್ಟಲೆ ಒಳಗೆ ತಡೆಹಿಡಿದಿದ್ದುದೆಲ್ಲ ಕಟ್ಟೆಯೊಡೆದು ಬಂದಂತೆ, ಅವನೊಡನೆ ಗಾರೋ ಭಾಷೆಯಲ್ಲಿ ಮಾತಾಡತೊಡಗಿದನಂತೆ. ಪಾಪ, ಆ ಹುಡುಗನಿಗೆ ಒಂದಕ್ಷರವೂ ತಿಳಿಯದು. ಆರು ತಿಂಗಳು ಕಳೆಯುವುದರೊಳಗಾಗಿ ಮೈಯ ಅವಯವಗಳ ಗಾರೋ ಹೆಸರುಗಳನ್ನು ನೆನೆಯುವುದಕ್ಕೂ ಮಗು ತಡವರಿಸಿತೆಂದು ತಂದೆ 1959ರಲ್ಲಿ ದಾಖಲೆ ಮಾಡಿದ್ದಾರೆ.

ಈ ಮರೆವು ಎಷ್ಟು ಆಳದ್ದೆಂಬ ವಿಷಯದಲ್ಲಿ ವಿದ್ವಾಂಸರ ನಿರ್ಣಯ ಒಂದೇ ತೆರನಾಗಿಲ್ಲ. ಮೂರರಿಂದ ಎಂಟರ ವಯಸ್ಸಿನಲ್ಲಿ ಕೊರಿಯದಿಂದ ಫ್ರಾನ್ಸಿಗೆ ದತ್ತು ಹೋದ ಎಂಟು ಮಂದಿಯನ್ನು ಅವರು ಪ್ರಾಯಕ್ಕೆ ಬಂದ ಮೇಲೆ ಕ್ರಿಸ್ತೋಫ್ ಪಾಲಿಯೇ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ಕೊರಿಯನ್ ವಾಕ್ಯಗಳಿಗೆ ಅವರ ಮೆದುಳು ಆ ಭಾಷೆಯನ್ನು ಎಂದೂ ಕೇಳದ ಫ್ರೆಂಚರ ಮೆದುಳಿನಂತೆಯೇ ವರ್ತಿಸಿತು. ಆದರೆ ಹುಟ್ಟಿದ ವರ್ಷದೊಳಗೋ ಅದರ ಆಸುಪಾಸಿನಲ್ಲೋ ಚೀನದಿಂದ ಕೆನಡಾದ ಮಾಂಟ್ರಿಯಲ್‌ಗೆ ಬಂದು, ಫ್ರೆಂಚನ್ನಷ್ಟೇ ಬಲ್ಲವರಾಗಿ ಬೆಳೆದ ಹುಡುಗಿಯರಿಗೆ ಚೀನೀ ಭಾಷೆಯ ಸ್ವರದ ಏರಿಳಿತವನ್ನು ಕೇಳಿಸಿದಾಗ, ಅವರ ಮೆದುಳಿನ ಎಡಭಾಗ ಚೀನೀ ಭಾಷಿಕರಲ್ಲಿ ಹೇಗೋ ಹಾಗೆಯೇ ಎಚ್ಚೆತ್ತುದನ್ನು 2014ರ ಅಧ್ಯಯನವೊಂದು ಕಂಡಿತು. ಹಾಲೆಂಡಿಗೆ ದತ್ತು ಬಂದ ಕೊರಿಯನ್ನರು ಆ ಭಾಷೆಯ ಧ್ವನಿಗಳನ್ನು ಮರಳಿ ಕಲಿಯುವಾಗ ಇತರರಿಗಿಂತ ಚುರುಕಾಗಿದ್ದರೆಂದು 2017ರ ಮತ್ತೊಂದು ಅಧ್ಯಯನ ಹೇಳಿತು. ಮರೆತದ್ದನ್ನು ಅಳೆಯಬೇಕಾದರೆ ನೆನಪಿದೆಯೇ ಎಂದು ಕೇಳಬಾರದು, ಮತ್ತೆ ಕಲಿಯಲು ಎಷ್ಟು ಹೊತ್ತು ಉಳಿತಾಯವಾಯಿತೆಂದು ನೋಡಬೇಕು ಎಂದು 1885ರಷ್ಟು ಹಿಂದೆಯೇ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನನ್ನೇ ಪ್ರಯೋಗಕ್ಕೊಡ್ಡಿಕೊಂಡು ತಿಳಿಸಿದ್ದನು. ಬತ್ತಿದ ಕೆರೆಯ ಅಂಗಳದಲ್ಲಿ ನೀರಿಲ್ಲ. ಆದರೆ ಮುಂದಿನ ಮಳೆಗೆ ನೀರು ಎತ್ತ ಹರಿಯಬೇಕೆಂಬುದು ಆ ನೆಲಕ್ಕೆ ಗೊತ್ತಿರುತ್ತದೆ.

ನಾವು ಆಗಸ್ಟಿನಲ್ಲಿ ಮೈಸೂರಿಗೆ ಹಿಂದಿರುಗಿದೆವು. ಅಲ್ಲಿಯ ಶಾಲೆಯಲ್ಲಿ ಅಕ್ಷರ ಕಲಿತಿದ್ದ ಮಗ ತನ್ನ ಚಿತ್ರಪುಸ್ತಕಗಳನ್ನು ಓದಿಕೊಳ್ಳುತ್ತ ಭಾಷೆಯನ್ನು ಒಂದಿಷ್ಟು ಉಳಿಸಿಕೊಂಡನು. ಮಗಳು ಮೊದಲ ವಾರಗಳಲ್ಲಿ ಬೀದಿಯ ಮಕ್ಕಳನ್ನು ಜರ್ಮನ್ನಿನಲ್ಲಿ ಕೂಗಿ ನೋಡಿದಳು. ದಸರೆಯ ಹೊತ್ತಿಗೆ ಕೂಗುವುದನ್ನು ಬಿಟ್ಟಳು. ಸಂಕ್ರಾಂತಿಗೆ ಎಳ್ಳು ಬೀರಲು ಹೊರಟಾಗ ಅವಳ ಬಾಯಲ್ಲಿ ಅಪ್ಪಟ ಮೈಸೂರು ಕನ್ನಡವಲ್ಲದೆ ಬೇರೇನೂ ಇರಲಿಲ್ಲ. ಆ ದಿನ ಮನೆಗೆ ಬಂದ ನೆಂಟರ ಎದುರು ಮೊಮ್ಮಗಳ ವಿದ್ಯೆಯನ್ನು ತೋರಿಸುವ ಆಸೆ ಅಜ್ಜಿಗೆ. ಅವಳನ್ನು ಹತ್ತಿರಕ್ಕೆಳೆದುಕೊಂಡು, “ಎಲ್ಲಿ ಪುಟ್ಟಿ, ಜರ್ಮನ್‌ನಲ್ಲಿ ಏನಾದರೂ ಮಾತಾಡು, ಎಲ್ಲರೂ ಕೇಳಲಿ” ಎಂದರು.

ಮಗಳು ಸಕ್ಕರೆ ಅಚ್ಚನ್ನು ಬಾಯಿಂದ ತೆಗೆದು, ಕೋಣೆಯಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ಸಾವಧಾನವಾಗಿ ನೋಡಿ, “ಯಾರ ಜೊತೆ ಮಾತಾಡ್ಲಿ ಅಜ್ಜಿ?” ಎಂದು ಕೇಳಿದಳು.