ಮಾಹಿತಿ ಕೊಟ್ಟರು, ಫೈಲ್ ಓದೋಕಾಗ್ತಿಲ್ಲ: ಈಗೇನು ಮಾಡೋದು?

ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಕಾದು ಕಾದು, ಕೊನೆಗೂ ಇಮೇಲ್‌ಗೆ ಫೈಲ್ ಬರುತ್ತದೆ. ಕ್ಲಿಕ್ ಮಾಡಿದರೆ ತೆರೆಯೋದೇ ಇಲ್ಲ. ತೆರೆದರೂ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆ ಮೇಲೆ ಗೀಟು ಹೊತ್ತ ಎ ಅಕ್ಷರಗಳ ಕಲಸುಮೇಲೋಗರ. ಪಂಚಾಯತಿ ಲೆಕ್ಕ ಕೇಳುವ ಗೆಳೆಯರು ನನಗೆ ಇಂಥ ಫೈಲುಗಳನ್ನು ಆಗಾಗ ಕಳಿಸುತ್ತಾರೆ. ಬೇಕಂತಲೇ ಕೆಡಿಸಿ ಕೊಟ್ಟಿದ್ದಾರೆ ಅನ್ನೋದು ಎಲ್ಲರ ಮೊದಲ ಅನುಮಾನ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ಫೈಲ್ ಕೆಟ್ಟಿರುವುದಿಲ್ಲ. ಓದುವ ಕೀಲಿ ನಮ್ಮ ಹತ್ತಿರ ಇರುವುದಿಲ್ಲ, ಅಷ್ಟೇ.

ತೆರೆಯುತ್ತಲೇ ಇಲ್ಲವಾದರೆ

ಮೊದಲು ಫೈಲಿನ ಗಾತ್ರ ನೋಡಿ. ಸೊನ್ನೆ ಕೆಬಿ ಇದ್ದರೆ ಒಳಗೆ ಏನೂ ಇಲ್ಲ, ಮತ್ತೆ ಕಳಿಸಲು ಕೇಳಬೇಕು. ಗಾತ್ರ ಸರಿ ಇದ್ದರೆ ಅದರ ಪ್ರತಿ ಮಾಡಿಕೊಂಡು, ಪ್ರತಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಶೇಕಡಾ ಚಿಹ್ನೆಯ ಪಕ್ಕ ಪಿಡಿಎಫ್ ಎಂದು ಶುರುವಾದರೆ ಅದು ಪಿಡಿಎಫ್. ಪಿ, ಕೆ ಎಂಬ ಎರಡು ಅಕ್ಷರಗಳಿಂದ ಶುರುವಾದರೆ ಹೊಸ ಬಗೆಯ ವರ್ಡ್ ಅಥವಾ ಎಕ್ಸೆಲ್ ಫೈಲ್, ಇಲ್ಲವೇ ಜಿಪ್. ಹೆಸರಿನ ಕೊನೆಯ ಬಾಲ ಇದಕ್ಕೆ ಹೊಂದದಿದ್ದರೆ ಅದನ್ನು ಬದಲಿಸಿದರೆ ಸಾಕು. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾತ್ರ ಮಾಡಬೇಡಿ, ಆಗ ನಿಜವಾಗಿಯೂ ಕೆಡುತ್ತದೆ.

ತೆರೆದರೂ ಕನ್ನಡ ಕಾಣದಿದ್ದರೆ

ಇದಕ್ಕೊಂದು ಚರಿತ್ರೆಯಿದೆ. ಕಂಪ್ಯೂಟರ್ ಅಕ್ಷರವನ್ನು ನೆನಪಿಡುವುದು ಸಂಖ್ಯೆಯಾಗಿ. ಹಳೆಯ ವ್ಯವಸ್ಥೆಯಲ್ಲಿ ಒಂದು ಅಕ್ಷರಕ್ಕೆ ಸಿಗುತ್ತಿದ್ದ ಸಂಖ್ಯೆಗಳು 256 ಮಾತ್ರ, ಅವೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಪಾಲಾಗಿದ್ದವು. ಹಾಗಾಗಿ ನಮ್ಮವರು ಒಂದು ಉಪಾಯ ಮಾಡಿದರು: ಸಂಖ್ಯೆ ಅದೇ ಇರಲಿ, ಫಾಂಟ್‌ನಲ್ಲಿ ಚಿತ್ರ ಮಾತ್ರ ಕನ್ನಡದ್ದಾಗಿರಲಿ. ನುಡಿಯ ಹಳೆಯ ಫಾಂಟ್‌ನಲ್ಲಿ ಇಂಗ್ಲಿಷಿನ ಪಿ ಮತ್ತು ಗೀಟಿನ ಎ ಸೇರಿದರೆ 'ಕ'. ಪೌಂಡ್ ಚಿಹ್ನೆಯ ಪಕ್ಕ ಅದೇ ಎ ಬಂದರೆ 'ನ'. ಆ ಫಾಂಟ್ ಇಲ್ಲದ ಕಡೆ ಬಣ್ಣ ಕಳಚಿ ಪೌಂಡೇ ಕಾಣುತ್ತದೆ.

ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಅದರದೇ ಸಂಖ್ಯೆಗಳನ್ನು ಕೊಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದಕ್ಕೆ ಬೆಂಬಲವೂ ಬಂತು. ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ. ಕೈಗೆ ಕೂತ ಅಭ್ಯಾಸ ಮಾತ್ರ ಅಷ್ಟು ಬೇಗ ಬಿಡಲ್ಲ.

ಪರಿಹಾರ ಎರಡು. ಓದಿದರೆ ಸಾಕು ಅಂದರೆ, ನುಡಿ ಹಾಕಿಕೊಂಡು ಪಠ್ಯವನ್ನೆಲ್ಲ ಆಯ್ದು 'ನುಡಿ 01 ಇ' ಫಾಂಟ್ ಕೊಡಿ. ಹುಡುಕಬೇಕು, ಹಂಚಬೇಕು ಅಂದರೆ ಪರಿವರ್ತಕ ಬಳಸಿ ಯೂನಿಕೋಡ್‌ಗೆ ತನ್ನಿ. ಒತ್ತಕ್ಷರ, ಅರ್ಕಾವತ್ತು ತಪ್ಪಬಹುದು. ನಡುವೆ ಇರುವ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಹೆಸರು, ಮೊತ್ತಗಳನ್ನು ಮೂಲದೊಂದಿಗೆ ತಾಳೆ ನೋಡಿ. ಜನರ ಖಾಸಗಿ ವಿವರ ಇರುವ ಫೈಲನ್ನು ಗೊತ್ತಿಲ್ಲದ ವೆಬ್‌ಸೈಟಿಗೆ ಹಾಕಬೇಡಿ.

ಇದರಲ್ಲಿ ರಾಜಕೀಯ ಎಲ್ಲಿದೆ?

ಅತಿ ಮೋಸದ ಫೈಲ್ ಇನ್ನೊಂದಿದೆ. ನೋಡಲು ಶುದ್ಧ ಕನ್ನಡದ ಪಿಡಿಎಫ್. ಆದರೆ ನಿಮ್ಮೂರಿನ ಹೆಸರು ಹುಡುಕಿದರೆ ಸಿಗಲ್ಲ, ಕಾಪಿ ಮಾಡಿದರೆ ಮತ್ತದೇ ಪೌಂಡ್, ಎ. ಮುನ್ನೂರು ಪುಟದ ಫಲಾನುಭವಿ ಪಟ್ಟಿಯಲ್ಲಿ ಒಂದು ಹೆಸರು ಹುಡುಕೋಕೆ ಇಡೀ ದಿನ ಬೇಕು. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗಂತೂ ಅದು ಕನ್ನಡವೇ ಅಲ್ಲ. ಬಾಗಿಲು ತೆರೆದಂತೆ ಕಾಣುತ್ತದೆ, ಒಳಗೆ ಹೋಗೋಕಾಗಲ್ಲ. ಇದಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ, ಉದಾಸೀನವೇ ಸಾಕು.

2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 7(9) ಹೇಳುವಂತೆ, ಸಾಮಾನ್ಯವಾಗಿ ಕೇಳಿದ ರೂಪದಲ್ಲೇ ಮಾಹಿತಿ ಕೊಡಬೇಕು. ಕಚೇರಿಯ ಸಂಪನ್ಮೂಲಕ್ಕೆ ವಿಪರೀತ ಹೊರೆಯಾದರೆ ಅಥವಾ ದಾಖಲೆಗೆ ಧಕ್ಕೆಯಾದರೆ ಮಾತ್ರ ವಿನಾಯಿತಿ. ಹಾಗಾಗಿ ಮುಂದಿನ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: 'ಮಾಹಿತಿಯನ್ನು ಯೂನಿಕೋಡ್ ಕನ್ನಡದಲ್ಲಿ, ಹುಡುಕಲು ಬರುವ ಫೈಲಿನ ರೂಪದಲ್ಲಿ ಒದಗಿಸಬೇಕು.' ಕೊಡದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿಗೆ ಅವಕಾಶವಿದೆ. ಕನ್ನಡದಲ್ಲಿ ಆಡಳಿತ ಅಂದರೆ ಬರೀ ಬೋರ್ಡು, ಲೆಟರ್‌ಹೆಡ್ ಅಲ್ಲ. ಫೈಲಿನೊಳಗಿನ ಸಂಖ್ಯೆಯೂ ಕನ್ನಡದ್ದೇ ಆಗಿರಬೇಕು.