ಮರದ ಗೆರೆ, ಗಾಜಿನ ಬಣ್ಣ

ಮೈಸೂರಿನ ಹಳೆಯ ಮೊಹಲ್ಲಾ ಒಂದರ ಓಣಿಯಲ್ಲಿ ಶೀಟು ಹೊದಿಸಿದ ಉದ್ದನೆಯ ಶೆಡ್ಡು. ಬಾಗಿಲಲ್ಲೇ ಮೂಗಿಗೆ ಬಡಿಯುವುದು ತೇಗದ ಎಣ್ಣೆವಾಸನೆ. ಎರಡು ಹೆಜ್ಜೆ ಒಳಗಿಟ್ಟರೆ ಅದರ ಜೊತೆಗೆ ಅರಗಿನ ಪಾಲಿಶಿನ ಘಾಟು. ಗೋಡೆಗೆ ಒರಗಿಸಿದ ಹಲಗೆಗಳು, ಹಳೆ ಕ್ಯಾಲೆಂಡರುಗಳ ಬೆನ್ನ ಮೇಲೆ ಬರೆದ ಬಳ್ಳಿ, ಹಂಸ, ನವಿಲಿನ ನಕ್ಷೆಗಳು, ಮೊಳೆಗೆ ನೇತುಬಿದ್ದ ತಂತಿಯಷ್ಟು ಸಣ್ಣ ಅಲಗಿನ ಕೈಗರಗಸಗಳು. ತಲೆಮಾರುಗಳಿಂದ ಇಲ್ಲಿ ನಡೆದುಬಂದದ್ದು ಬೀಟೆ ಮರದ ಇನ್‌ಲೇ ಕೆಲಸ. ಈಗ ಕಿಟಕಿ ಪಕ್ಕದ ಕಪಾಟಿನಲ್ಲಿ ಬಣ್ಣದ ಗಾಜಿನ ಹಾಳೆಗಳೂ ಸಾಲಾಗಿ ನಿಂತಿವೆ: ಕಡುನೀಲಿ, ಪಾಚಿಹಸಿರು, ಜೇನುಬಣ್ಣ, ದಾಳಿಂಬೆ ಕೆಂಪು.

ಮೇಜಿನ ಮೇಲಿರುವುದು ದೇವರ ಕೋಣೆಯ ಬಾಗಿಲ ಮೇಲೆ ಕೂರಬೇಕಾದ ಬೆಳಕಿಂಡಿ. ಎರಡು ಅಡಿ ಉದ್ದ, ಒಂದು ಅಡಿ ಎತ್ತರದ ತೇಗದ ಹಲಗೆ. ಅದರ ಮೇಲೆ ಅಂಟಿಸಿದ ಕಾಗದದಲ್ಲಿ ಬಳ್ಳಿಯ ನಡುವೆ ಕೂತ ನವಿಲು. ಮೇಸ್ತ್ರಿ ಮೊದಲು ಬೈರಿಗೆ ಹಿಡಿದು, ಕತ್ತರಿಸಿ ತೆಗೆಯಬೇಕಾದ ಒಂದೊಂದು ಕಂಡಿಯೊಳಗೂ ಒಂದೊಂದು ಸಣ್ಣ ತೂತು ಕೊರೆಯುತ್ತಾರೆ. ಆಮೇಲೆ ಸ್ಕ್ರೋಲ್ ಸಾ ಯಂತ್ರದ ಮುಂದೆ ಸ್ಟೂಲು ಎಳೆದುಕೊಳ್ಳುತ್ತಾರೆ. ಬ್ಲೇಡಿನ ಮೇಲಿನ ತುದಿ ಬಿಚ್ಚಿ, ತೂತಿನೊಳಗೆ ತೂರಿಸಿ, ಮತ್ತೆ ಕಚ್ಚಿಸಿ ಬಿಗಿ ಮಾಡುತ್ತಾರೆ. ಬಿಗಿ ಸಾಕೋ ಇಲ್ಲವೋ ಎಂದು ತಿಳಿಯಲು ಉಗುರಿನಿಂದ ಒಮ್ಮೆ ಮೀಟಿ ನಾದ ಕೇಳುತ್ತಾರೆ. ಸ್ವಿಚ್ಚು ಒತ್ತಿದರೆ ಬ್ಲೇಡು ಮೇಲೆ ಕೆಳಗೆ ಕುಣಿಯತೊಡಗುತ್ತದೆ. ಅದು ನಿಂತಲ್ಲೇ ಕುಣಿಯುತ್ತದೆ, ತಿರುಗುವುದೆಲ್ಲ ಹಲಗೆ. ಹತ್ತು ಬೆರಳೂ ಮರದ ಮೇಲೆ ಚಪ್ಪಟೆಯಾಗಿ ಕೂತು, ನವಿಲಿನ ಕೊರಳಿನ ತಿರುವಿನಲ್ಲಿ ಇಡೀ ಹಲಗೆಯನ್ನು ನಿಧಾನವಾಗಿ ಸುತ್ತಿಸುತ್ತವೆ. ಕಾಗದದ ಮೇಲೆ ಬೀಳುವ ಹಳದಿ ಪುಡಿಯನ್ನು ಮೇಸ್ತ್ರಿ ಉಫ್ ಎಂದು ಊದಿ ಗೆರೆ ಕಾಣಿಸಿಕೊಳ್ಳುತ್ತಾರೆ.

"ಗೆರೆ ಬಿಟ್ಟು ಕೂದಲೆಳೆ ಆಚೆ ಹೋದ್ರೂ ಪರವಾಗಿಲ್ಲ ಸಾರ್, ಕೈ ನಡುಗಬಾರದು. ನೋಡೋರ ಕಣ್ಣಿಗೆ ಬೀಳೋದು ಆ ನಡುಕ."

ಗಾಜಿನ ಕೆಲಸ ಅವರ ಅಣ್ಣನ ಮಗನದು. ಅವನ ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಮೂರು ಮಿಲಿಮೀಟರ್ ದಪ್ಪದ ನೀಲಿ ಗಾಜು. ಈ ನೀಲಿ ಬಳಿದ ಬಣ್ಣದ್ದಲ್ಲ. ಗಾಜು ಕರಗುವಾಗಲೇ ಕೋಬಾಲ್ಟ್ ಆಕ್ಸೈಡ್ ಬೆರೆತು ಮೈಯೆಲ್ಲ ಹಬ್ಬಿಕೊಂಡದ್ದು. ಹಾಗಾಗಿ ಎಷ್ಟು ವರ್ಷ ಬಿಸಿಲು ಬಿದ್ದರೂ ಮಾಸುವುದಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಪುಟ್ಟ ಚಕ್ರದ ಕಟ್ಟರನ್ನು ಅವನು ಅಂಚಿನಿಂದ ಅಂಚಿಗೆ ಒಂದೇ ಉಸಿರಿನಲ್ಲಿ ಎಳೆಯುತ್ತಾನೆ. ಹೊಸ ಪಟ್ಟೆಸೀರೆಯ ಮಡಿಕೆ ಬಿಡಿಸುವಾಗ ಕೇಳುವಂಥ ಸಣ್ಣ ಸಪ್ಪಳ. ಎಳೆದ ಗೆರೆಯ ಮೇಲೆ ಇನ್ನೊಮ್ಮೆ ಎಳೆಯುವಂತಿಲ್ಲ. ಎಳೆದರೆ ಚಕ್ರವೂ ಹಾಳು, ಗಾಜು ಮುರಿಯುವ ದಾರಿಯೂ ಹಾಳು. ಗೆರೆಯ ಎರಡು ಬದಿಗೂ ಹೆಬ್ಬೆರಳಿಟ್ಟು ಮಣಿಕಟ್ಟನ್ನು ಚೂರು ಹೊರಳಿಸುತ್ತಾನೆ. ಟಕ್ಕನೆ ಎರಡು ಹೋಳು.

ನೇರ ಗೆರೆ, ಸಾವಕಾಶದ ಬಳುಕು ಗಾಜಿಗೆ ಒಗ್ಗುತ್ತವೆ. ಒಳಕ್ಕೆ ಆಳವಾಗಿ ಹೊಕ್ಕ ಕಚ್ಚು ಒಗ್ಗುವುದಿಲ್ಲ. ಗಾಜಿನ ಬಿರುಕು ಅಂಚು ಹುಡುಕಿಕೊಂಡು ನೇರವಾಗಿ ಓಡುತ್ತದೆ, ಕಡಿದಾದ ತಿರುವಿನಲ್ಲಿ ಮಾತು ಕೇಳುವುದಿಲ್ಲ. ನೀರು ಹನಿಸುತ್ತಾ ವಜ್ರದ ಪುಡಿ ಹಚ್ಚಿದ ಗ್ರೈಂಡರಿನಲ್ಲಿ ಸವೆಸಿ ತಕ್ಕಮಟ್ಟಿಗೆ ತಿದ್ದಬಹುದು, ಅಷ್ಟೆ. ಇತ್ತ ಸ್ಕ್ರೋಲ್ ಸಾ ಬ್ಲೇಡಿನ ಅಗಲ ಒಂದು ಮಿಲಿಮೀಟರಿನ ಆಸುಪಾಸು. ಅದು ಮರದೊಳಗೆ ಎಲ್ಲಿ ಬೇಕೆಂದರಲ್ಲಿ ತಿರುಗುತ್ತದೆ, ನಿಂತಲ್ಲೇ ಹೊರಳಿ ವಾಪಸು ಬರುತ್ತದೆ. ಮರಕ್ಕೆ ಬಾರದ್ದು ಒಂದೇ, ಬೆಳಕನ್ನು ಒಳಗೆ ಬಿಟ್ಟುಕೊಳ್ಳುವುದು.

ಈ ಕೆಲಸದ ಜಾಣ್ಮೆಯೆಲ್ಲ ಈ ಎರಡರ ನಡುವಿನ ಒಪ್ಪಂದದಲ್ಲಿದೆ. ಹುಡುಗ ನಕ್ಷೆಯ ಮೇಲೆ ಬೆರಳಿಟ್ಟು, "ಚಿಕ್ಕಪ್ಪ, ರೆಕ್ಕೆ ಕೆಳಗಿನ ಈ ಸಂದಿ ಗಾಜಲ್ಲಿ ಬರಲ್ಲ. ಒಂದು ಎಳೆ ಕೊಡ್ತೀರಾ?" ಎನ್ನುತ್ತಾನೆ. ಮೇಸ್ತ್ರಿ ಪೆನ್ಸಿಲ್ ತೆಗೆದು ಬಳ್ಳಿಯ ಒಂದು ಕುಡಿಯನ್ನು ಆ ಸಂದಿಗೆ ಹರಿಸುತ್ತಾರೆ. ದೊಡ್ಡ ಕಂಡಿ ಎರಡಾಯಿತು. ಎರಡಕ್ಕೂ ಸಲೀಸಾದ ಗಾಜು ಸಿಕ್ಕಿತು. ಅದೇ ಕುಡಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಹಲಗೆಯಲ್ಲಿ ಉಳಿಯುವ ಮರವೆಲ್ಲ ಎಲ್ಲೋ ಒಂದು ಕಡೆ ಚೌಕಟ್ಟಿಗೆ ಕೂಡಿಕೊಂಡಿರಲೇಬೇಕು, ಇಲ್ಲದಿದ್ದರೆ ಕಳಚಿ ಕೆಳಗೆ ಬೀಳುತ್ತದೆ. ಆ ಕುಡಿ ನವಿಲನ್ನು ಚೌಕಟ್ಟಿಗೆ ಹಿಡಿದು ನಿಲ್ಲಿಸಿತು. ಚರ್ಚಿನ ಕಿಟಕಿಗಳಲ್ಲಿ ಸೀಸದ ಪಟ್ಟಿ ಮಾಡುವ ಕೆಲಸವನ್ನು ಇಲ್ಲಿ ತೇಗದ ಬಳ್ಳಿ ಮಾಡುತ್ತದೆ.

ಬಾಲದ ಕಣ್ಣಿನ ಜಾಗದಲ್ಲಿ ಮಾತ್ರ ಮರಕ್ಕೂ ಎಡೆಯಿಲ್ಲ. ಒಂದೇ ಕಂಡಿಯಲ್ಲಿ ನೀಲಿ, ಹಸಿರು, ಜೇನುಬಣ್ಣದ ಮೂರು ಚೂರು ಕೂರಬೇಕು. ಹುಡುಗ ಒಂದೊಂದು ಚೂರಿನ ಅಂಚಿಗೂ ಅಂಟಿನ ತಾಮ್ರದ ಪಟ್ಟಿ ಸುತ್ತಿ, ತವರ-ಸೀಸದ ಬೆಸುಗೆ ಹಾಕುತ್ತಾನೆ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಲೂಯಿಸ್ ಕಂಫರ್ಟ್ ಟಿಫನಿಯ ದೀಪಗಳಿಂದ ಹೆಸರಾದ ವಿಧಾನವಿದು. ಸೀಸದ ಕೆಲಸ ಮುಗಿದೊಡನೆ ಅವನು ಎದ್ದು ಸೋಪು ಹಾಕಿ ಕೈ ತೊಳೆಯುತ್ತಾನೆ. ಟೀ ಬಂದರೂ ಆಮೇಲೆಯೇ.

ಇನ್ನು ಕೂರಿಸುವ ಹದ. ಮಳೆಗಾಲದಲ್ಲಿ ಮರ ನೀರಿನ ಪಸೆ ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಒಂದು ಅಡಿ ಅಗಲದ ಹಲಗೆಯಲ್ಲಿ ಇದು ಒಂದೆರಡು ಮಿಲಿಮೀಟರಿನವರೆಗೆ ಹೋಗಬಹುದು. ಗಾಜಿಗೆ ಮಳೆಯೂ ಒಂದೇ, ಬಿಸಿಲೂ ಒಂದೇ. ಹಿಗ್ಗುವ, ಕುಗ್ಗುವ ಮರಕ್ಕೆ ಗಾಜನ್ನು ಬಿಗಿಯಾಗಿ ಒತ್ತಿ ಕೂರಿಸಿದರೆ ಮರ ಗೆಲ್ಲುತ್ತದೆ, ಗಾಜು ಸೀಳುತ್ತದೆ. ಅದಕ್ಕೇ ಹಲಗೆಯ ಹಿಂಬದಿಯಲ್ಲಿ ಕಂಡಿಯ ಸುತ್ತ ಸಣ್ಣ ತಗ್ಗು ತೆಗೆದು, ಗಾಜಿನ ಅಂಚಿಗೂ ಮರಕ್ಕೂ ನಡುವೆ ಒಂದು ಮಿಲಿಮೀಟರಿನಷ್ಟು ಸಡಿಲ ಬಿಡುತ್ತಾರೆ. ಮರಕ್ಕೆ ಪಾಲಿಶ್ ಹಾಕಿ ಒಣಗಿಸಿದ ಮೇಲೆಯೇ ಗಾಜಿನ ಸರದಿ. ಅಲ್ಲಲ್ಲಿ ಚುಕ್ಕಿ ಸಿಲಿಕೋನ್, ಮೇಲೊಂದು ತೆಳು ಬೀಡಿಂಗ್.

ಮರ-ಗಾಜಿನ ಈ ನಂಟು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಜರ್‌ಬೈಜಾನಿನ ಶೆಕಿ ಪಟ್ಟಣದಲ್ಲಿ ಸಾಕ್ಷಿಯಿದೆ. 1797ರಲ್ಲಿ ಕಟ್ಟಿದ ಅಲ್ಲಿನ ಖಾನರ ಅರಮನೆಯ ಕಿಟಕಿಗಳೆಲ್ಲ ಶೆಬೆಕೆ ಎಂಬ ಕೆಲಸದವು. ಸಾವಿರಾರು ಪುಟ್ಟ ಮರದ ತುಂಡುಗಳು ಒಂದರೊಳಗೊಂದು ಹೆಣೆದುಕೊಂಡು ಬಣ್ಣದ ಗಾಜನ್ನು ಹಿಡಿದಿವೆ. ಮೊಳೆ ಇಲ್ಲ, ಅಂಟಿಲ್ಲ. ಆ ಅರಮನೆ, ಅದರ ಸುತ್ತಲ ಹಳೆಯ ಊರು 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಮೈಸೂರಿಗೂ ಇವೆರಡರಲ್ಲಿ ಯಾವುದೂ ಹೊಸತಲ್ಲ. 1912ರಲ್ಲಿ ಮುಗಿದ ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿದರೆ ಬಣ್ಣದ ಗಾಜಿನ ನವಿಲುಗಳು. ಆ ಚಾವಣಿ ತಯಾರಾದದ್ದು ಗ್ಲಾಸ್ಗೋದಲ್ಲಿ. ಅದೇ ಅರಮನೆಯ ಅಂಬಾವಿಲಾಸ ಸಭಾಂಗಣದ ಬಾಗಿಲಿಗೆ ಬಂದರೆ ಬೀಟೆ ಮರದೊಳಗೆ ದಂತ ಕೂರಿಸಿದ ಕುಸುರಿ. ಒಂದೇ ಸೂರಿನಡಿ ಗಾಜು ಮೇಲೆ, ಮರ ಕೆಳಗೆ. ಈ ಶೆಡ್ಡಿನ ಮೇಜಿನ ಮೇಲೆ ಅವು ಒಂದೇ ಹಲಗೆಯಲ್ಲಿ ಸೇರಿವೆ.

ಬೆಳಕಿಂಡಿ ಸಿದ್ಧವಾಯಿತು. ಹುಡುಗ ಅದನ್ನೆತ್ತಿ ಕಿಟಕಿಗೆ ಅಡ್ಡ ಹಿಡಿದ. ಮರವೆಲ್ಲ ಕಪ್ಪು ಗೆರೆಯಾಯಿತು, ಕೊರಳಿನ ನೀಲಿ ಅವನ ಅಂಗಿಯ ಮೇಲೆ ಬಿತ್ತು. ಆಮೇಲೆ ಗೋಡೆಗೆ ಒರಗಿಸಿ ಟ್ಯೂಬ್‌ಲೈಟ್ ಹಾಕಿದ. ಈಗ ಗಾಜು ಮಂಕಾಗಿ ಹಿಂದೆ ಸರಿಯಿತು. ತೇಗದ ಹೊನ್ನಿನ ಮೈ, ಅದರ ನಾರಿನ ಒಂದೊಂದು ಎಳೆ, ಬಳ್ಳಿಯ ಉರುಟು ಅಂಚು ಎದ್ದು ಕಂಡವು. ಹಗಲಿಗೆ ಗಾಜಿನ ನವಿಲು, ಇರುಳಿಗೆ ಮರದ ನವಿಲು. ಗಾಜಿನ ಮೇಲೆ ಬಣ್ಣದ ಸ್ಟಿಕ್ಕರ್ ಅಂಟಿಸಿದರೆ ಇದು ಸಿಗುವುದಿಲ್ಲ.

ದಂತದ ಕಾಲ ಮುಗಿಯಿತು, ಮುಗಿಯಬೇಕಾದದ್ದೇ. ಒಳ್ಳೆಯ ಬೀಟೆ ಕೈಗೆಟುಕದಷ್ಟು ದುಬಾರಿ. ಆದರೆ ಗೆರೆಯ ಮೇಲೆ ಗರಗಸ ಓಡಿಸಬಲ್ಲ ಕೈಗಳು ಈ ಊರಿನಲ್ಲಿ ಇನ್ನೂ ಇವೆ, ಗಾಜು ಅವುಗಳಿಗೊಂದು ಹೊಸ ದಾರಿ. ಹೊಸ ಮನೆ ಕಟ್ಟುವವರು ಇಡೀ ಕಿಟಕಿ ಮಾಡಿಸಬೇಕಾಗಿಲ್ಲ, ಬಾಗಿಲ ಮೇಲೆ ಎರಡು ಅಡಿ ಜಾಗ ಬಿಟ್ಟರೆ ಸಾಕು. ಬಿಡುವುದಾದರೆ ಗೋಡೆ ಏಳುವ ಮೊದಲೇ ಮರಗೆಲಸದ ಮೇಸ್ತ್ರಿಗೆ ಹೇಳಿ, ಬೆಳಗಿನ ಬಿಸಿಲು ಯಾವ ಕಡೆಯಿಂದ ಬೀಳುತ್ತದೆಂದು ತೋರಿಸಿ. ಬಣ್ಣವನ್ನು ಅವರು ಆ ಬಿಸಿಲು ನೋಡಿಯೇ ಆರಿಸುತ್ತಾರೆ.