ನೀರು ಯಾಕೆ ಬಾಗಿದೆ? ಕಾಣದ ಜೋಡಿಗಳ ಲೆಕ್ಕ

ವಿಡಿಯೊ ನೋಡೋಕೆ ಟೈಮ್ ಸಿಗದವರಿಗಾಗಿ ಈ ವಾರದ ಮಾತಿನ ಬರಹರೂಪ ಇದು.

ಪಿಯುಸಿಯಲ್ಲಿ ಸೈನ್ಸ್ ತಗೊಂಡವರಿಗೆ ಒಂದು ಟೇಬಲ್ ನೆನಪಿರಬಹುದು. ಮೀಥೇನ್ 109.5 ಡಿಗ್ರಿ, ಅಮೋನಿಯಾ 107, ನೀರು 104.5. ಪರೀಕ್ಷೆಗೆ ಬಾಯಿಪಾಠ ಮಾಡಿದ್ವಿ, ಆಮೇಲೆ ಮರೆತ್ವಿ. ಈಗ ಅದೇ ಟೇಬಲ್ ಮಕ್ಕಳ ಹನ್ನೊಂದನೇ ಕ್ಲಾಸಿನ ಪುಸ್ತಕದಲ್ಲಿ ಮತ್ತೆ ಎದುರಿಗೆ ಬರುತ್ತೆ. "ಅಪ್ಪಾ, ಕಾರ್ಬನ್ ಡೈಆಕ್ಸೈಡ್ ನೆಟ್ಟಗಿದೆ, ನೀರು ಮಾತ್ರ ಯಾಕೆ ಬಾಗಿದೆ?" ಅಂತ ಮಗಳು ಕೇಳಿದರೆ ಏನು ಹೇಳ್ತೀರಿ? ಎರಡರಲ್ಲೂ ಮೂರೇ ಪರಮಾಣು. ನಡುವೆ ಒಂದು, ಆಚೀಚೆ ಎರಡು. ಆದ್ರೂ ಆಕಾರ ಬೇರೆ.

ಕಾರಣ ಇಷ್ಟೇ: ಪುಸ್ತಕದ ಚಿತ್ರದಲ್ಲಿ ಗೆರೆಯಾಗಿ ಕಾಣುವ ಬಾಂಡ್‌ಗಳ ಜೊತೆಗೆ, ಕಾಣದೆ ಕೂತಿರುವ ಎಲೆಕ್ಟ್ರಾನ್ ಜೋಡಿಗಳೂ ಅಣುವಿನ ಆಕಾರವನ್ನು ನಿರ್ಧರಿಸುತ್ತವೆ.

ಮೊದಲು ಬಲೂನ್

ಮನೆಯಲ್ಲಿ ಬರ್ತ್‌ಡೇ ಮುಗಿದ ಮೇಲೆ ನಾಲ್ಕು ಬಲೂನ್ ಎತ್ತಿಡಿ. ಎರಡರ ಬಾಯಿ ಸೇರಿಸಿ ಕಟ್ಟಿ: ಒಂದು ಈ ಕಡೆ, ಇನ್ನೊಂದು ಆ ಕಡೆ, ನೇರ ಸಾಲು. ಮೂರು ಕಟ್ಟಿದರೆ ತ್ರಿಕೋನ. ನಾಲ್ಕು ಕಟ್ಟಿದರೆ ಮೂರು ಕಾಲು ಊರಿ ಒಂದು ಮೇಲಕ್ಕೆ ನಿಲ್ಲುತ್ತೆ, ಅದೇ ಟೆಟ್ರಾಹೆಡ್ರನ್. ಯಾರೂ ಅವಕ್ಕೆ ಆಕಾರ ಹೇಳಿಕೊಟ್ಟಿಲ್ಲ. ಒಂದಕ್ಕೊಂದು ಆದಷ್ಟು ದೂರ ಸರಿದವು, ಅಷ್ಟೆ.

ಪರಮಾಣುವಿನ ಸುತ್ತ ಎಲೆಕ್ಟ್ರಾನ್ ಜೋಡಿಗಳು ಮಾಡೋದೂ ಇದನ್ನೇ. ಆಕ್ಸ್‌ಫರ್ಡಿನ ಸಿಜ್ವಿಕ್ ಮತ್ತು ಪೊವೆಲ್ 1940ರಲ್ಲಿ ಈ ವಿಚಾರ ಮುಂದಿಟ್ಟರು. 1957ರಲ್ಲಿ ಲಂಡನ್ನಿನ ಗಿಲೆಸ್ಪಿ ಮತ್ತು ನೈಹೋಮ್ ಇದನ್ನು ಬೆಳೆಸಿ, ಯಾರು ಬೇಕಾದರೂ ಬಳಸಬಹುದಾದ ನಿಯಮ ಮಾಡಿದರು. ಕ್ಲಾಸಿನಲ್ಲಿ ವೆಸ್ಪರ್ ಥಿಯರಿ ಅಂತಾರಲ್ಲ, ಅದೇ ಇದು.

ಎಣಿಸೋದು ಹೇಗೆ

ನಡುವಿನ ಪರಮಾಣುವಿನ ಹೊರಸುತ್ತಿನಲ್ಲಿ ಎಷ್ಟು ಎಲೆಕ್ಟ್ರಾನ್ ಇವೆ ನೋಡಿ. ಪ್ರತಿ ಸಿಂಗಲ್ ಬಾಂಡ್‌ಗೆ ಪಕ್ಕದ ಪರಮಾಣುವಿನಿಂದ ಒಂದು ಸೇರಿಸಿ. ಎರಡರಿಂದ ಭಾಗಿಸಿದರೆ ಎಷ್ಟು ಬಲೂನ್ ಅಂತ ಸಿಗುತ್ತೆ.

ಮೀಥೇನ್: ಕಾರ್ಬನ್‌ನದು 4, ಹೈಡ್ರೋಜನ್‌ಗಳದು 4. ಒಟ್ಟು 8, ಅಂದ್ರೆ 4 ಜೋಡಿ. ನಾಲ್ಕೂ ಬಾಂಡ್‌ಗಳೇ. ಹಾಗಾಗಿ ಪಕ್ಕಾ ಟೆಟ್ರಾಹೆಡ್ರನ್, 109.5 ಡಿಗ್ರಿ.

ಅಮೋನಿಯಾ: ನೈಟ್ರೋಜನ್‌ನದು 5, ಹೈಡ್ರೋಜನ್‌ಗಳದು 3. ಇಲ್ಲೂ 4 ಜೋಡಿ, ಆದ್ರೆ ಬಾಂಡ್ ಮೂರೇ. ಒಂದು ಜೋಡಿ ಯಾರ ಜೊತೆಗೂ ಸೇರದೆ ಉಳಿದಿದೆ. ಇದನ್ನು ಲೋನ್ ಪೇರ್ ಅಂತಾರೆ. ಬಾಂಡಿನ ಜೋಡಿಯನ್ನು ಎರಡು ನ್ಯೂಕ್ಲಿಯಸ್‌ಗಳು ಎರಡು ಕಡೆಯಿಂದ ಎಳೀತವೆ, ಹಾಗಾಗಿ ಅದು ಸಣಕಲು. ಲೋನ್ ಪೇರ್‌ಗೆ ಒಂದೇ ನ್ಯೂಕ್ಲಿಯಸ್ಸಿನ ಹಿಡಿತ, ಹಾಗಾಗಿ ಅದು ಕಾಲು ಚಾಚಿ ಕೂರುತ್ತೆ. ರೈಲಿನಲ್ಲಿ ನಾಲ್ಕು ಜನರ ಸೀಟಲ್ಲಿ ಒಬ್ಬರು ಅಗಲಿಸಿ ಕೂತರೆ ಮಿಕ್ಕ ಮೂವರು ಒತ್ತಿಕೊಳ್ಳೋ ಹಾಗೆ, ಬಾಂಡ್‌ಗಳು ಹತ್ತಿರ ಸರೀತವೆ: 107.

ನೀರು: ಆಕ್ಸಿಜನ್‌ನದು 6, ಹೈಡ್ರೋಜನ್‌ಗಳದು 2. ಮತ್ತೆ 4 ಜೋಡಿ, ಈ ಸಲ ಎರಡು ಲೋನ್ ಪೇರ್. ಒತ್ತಡ ಇನ್ನೂ ಜಾಸ್ತಿ: 104.5. ನಮಗೆ ಕಾಣೋದು ಎರಡು ಹೈಡ್ರೋಜನ್ ಮಾತ್ರ, ಅದಕ್ಕೇ ಅಣು ಬಾಗಿದ ಹಾಗೆ ಕಾಣುತ್ತೆ.

ಕಾರ್ಬನ್ ಡೈಆಕ್ಸೈಡಿನಲ್ಲಿ ಕಾರ್ಬನ್‌ನ ನಾಲ್ಕೂ ಎಲೆಕ್ಟ್ರಾನ್ ಎರಡು ಡಬಲ್ ಬಾಂಡ್‌ಗಳಿಗೆ ಖರ್ಚು. ಡಬಲ್ ಬಾಂಡ್ ಒಂದೇ ದಿಕ್ಕಿಗಿರೋದರಿಂದ ಅದನ್ನು ಒಂದೇ ಬಲೂನ್ ಅಂತ ಎಣಿಸಬೇಕು. ಎರಡು ಬಲೂನ್, ನೇರ ಸಾಲು, 180 ಡಿಗ್ರಿ. ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿತು.

ಬಾಗಿದ್ದರಿಂದ ಏನಾಯ್ತು?

ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಎಳೆಯುತ್ತೆ. ಕಾರ್ಬನ್ ಡೈಆಕ್ಸೈಡಿನಲ್ಲಿ ಎರಡು ಆಕ್ಸಿಜನ್‌ಗಳು ಎದುರುಬದುರು ನಿಂತು ಸಮಬಲದ ಹಗ್ಗಜಗ್ಗಾಟ ಆಡ್ತವೆ, ಒಟ್ಟು ಪರಿಣಾಮ ಸೊನ್ನೆ. ನೀರಲ್ಲಿ ಹಾಗಾಗಲ್ಲ. ಆಕ್ಸಿಜನ್ ತುದಿ ಸ್ವಲ್ಪ ನೆಗೆಟಿವ್, ಹೈಡ್ರೋಜನ್ ತುದಿ ಸ್ವಲ್ಪ ಪಾಸಿಟಿವ್. ಉಪ್ಪು ನೀರಲ್ಲಿ ಕರಗೋದು ಇದರಿಂದ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು, ರೂಮಿನ ಬಿಸಿಯಲ್ಲೂ ದ್ರವವಾಗಿ ಉಳಿಯೋದಕ್ಕೂ ಈ ಎರಡು ತುದಿಗಳು ಬೇಕು. ನಮ್ಮ ರಕ್ತ ಹರಿಯೋದು ಇದೇ ದ್ರವದ ದೆಸೆಯಿಂದ.

ನಿನ್ನೆಯ ಚಿತ್ರಾನ್ನವನ್ನು ಮೈಕ್ರೋವೇವಲ್ಲಿ ಬಿಸಿ ಮಾಡ್ತೀರಲ್ಲ, ಅದೂ ಇದೇ ಕಥೆ. ಓವನ್ನಿನ ಅಲೆ 2.45 ಗಿಗಾಹರ್ಟ್ಸ್, ನಿಮ್ಮ ವೈಫೈಯ 2.4 ಬ್ಯಾಂಡಿನ ಆಸುಪಾಸಿನದೇ. ಸೆಕೆಂಡಿಗೆ 245 ಕೋಟಿ ಸುತ್ತು ದಿಕ್ಕು ಬದಲಿಸುವ ಆ ಅಲೆಯ ಜೊತೆ ಹೊರಳೋಕೆ ಹೋಗಿ ನೀರಿನ ಅಣುಗಳು ಅಕ್ಕಪಕ್ಕದವಕ್ಕೆ ಡಿಕ್ಕಿ ಹೊಡೆದು ಬಿಸಿ ಹುಟ್ಟಿಸುತ್ತವೆ. ನೀರು ನೆಟ್ಟಗಿದ್ದಿದ್ದರೆ ಅಲೆಗೆ ಹಿಡಿದು ತಿರುಗಿಸೋಕೆ ತುದಿಯೇ ಇರ್ತಿರಲಿಲ್ಲ.

ನಿಯಮಕ್ಕೆ ನಿಜವಾದ ಪರೀಕ್ಷೆ

ಗೊತ್ತಿರೋದನ್ನು ವಿವರಿಸೋದು ಸುಲಭ. ಗೊತ್ತಿಲ್ಲದ್ದನ್ನು ಮೊದಲೇ ಹೇಳಿದರೆ ಅದು ಒಳ್ಳೆ ನಿಯಮ. 1957ರಲ್ಲಿ ಕ್ಸೆನಾನ್ ಜಡ ಅನಿಲ, ಅದು ಯಾರ ಜೊತೆಗೂ ಸೇರಲ್ಲ ಅಂತಲೇ ಪುಸ್ತಕಗಳು ಹೇಳ್ತಿದ್ದವು. 1962ರಲ್ಲಿ ನೀಲ್ ಬಾರ್ಟ್ಲೆಟ್ ಕೆನಡಾದಲ್ಲಿ ಅದರ ಮೊದಲ ಸಂಯುಕ್ತ ಮಾಡಿದರು. ಅದೇ ವರ್ಷ ಅಮೆರಿಕದ ಆರ್ಗಾನ್ ಲ್ಯಾಬಿನಲ್ಲಿ ಕ್ಸೆನಾನ್ ಟೆಟ್ರಾಫ್ಲೋರೈಡ್ ತಯಾರಾಯ್ತು.

ಲೆಕ್ಕ ಹಾಕಿ: ಕ್ಸೆನಾನ್‌ನದು 8, ಫ್ಲೋರಿನ್‌ಗಳದು 4, ಒಟ್ಟು 12. ಅಂದ್ರೆ ಆರು ಬಲೂನ್: ನಾಲ್ಕು ಸುತ್ತಲೂ, ಒಂದು ಮೇಲೆ, ಒಂದು ಕೆಳಗೆ. ಎರಡು ಲೋನ್ ಪೇರ್‌ಗಳಿಗೆ ಒಂದನ್ನೊಂದು ಕಂಡರೆ ಆಗಲ್ಲ, ಹಾಗಾಗಿ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಉಳಿದ ನಾಲ್ಕು ಫ್ಲೋರಿನ್ ಚಪ್ಪಟೆ ಚೌಕವಾಗಿ ನಿಲ್ಲಬೇಕು. ಎಕ್ಸ್-ರೇ, ನ್ಯೂಟ್ರಾನ್ ಪ್ರಯೋಗಗಳಲ್ಲಿ ಸಿಕ್ಕಿದ್ದೂ ಚಪ್ಪಟೆ ಚೌಕವೇ.

ಹಾಗಂತ ಇದು ಎಲ್ಲ ಕಡೆ ನಡೆಯಲ್ಲ. ಹೈಡ್ರೋಜನ್ ಸಲ್ಫೈಡ್ ಬಾಗಿರುತ್ತೆ ಅಂತ ಸರಿಯಾಗಿ ಹೇಳುತ್ತೆ, ಆದ್ರೆ ಕೋನ 92 ಡಿಗ್ರಿಗೆ ಇಳಿಯುತ್ತೆ ಅಂತ ಹೇಳಲ್ಲ. ನಿಕ್ಕಲ್, ಪ್ಲಾಟಿನಂ ತರಹದ ಲೋಹಗಳಲ್ಲಿ ಬೇರೆಯೇ ಲೆಕ್ಕ ಬೇಕು. ಇನ್ನೊಂದು ಮಾತು: ಜೋಡಿಗಳು ದೂರ ಸರಿಯೋದಕ್ಕೆ ಚಾರ್ಜ್‌ಗಳ ತಳ್ಳಾಟ ಮಾತ್ರ ಕಾರಣ ಅಂದ್ಕೋಬೇಡಿ. ಒಂದೇ ಸ್ಪಿನ್ನಿನ ಎಲೆಕ್ಟ್ರಾನ್‌ಗಳು ಒಂದೇ ಜಾಗದಲ್ಲಿ ಸೇರಲಾರವು ಅನ್ನುವ ಪೌಲಿ ನಿಯಮದ ಪಾತ್ರ ಇದರಲ್ಲಿ ದೊಡ್ಡದು.

ಕೊನೆಗೆ ಮನೆಕೆಲಸ. ಕ್ಸೆನಾನ್ ಡೈಫ್ಲೋರೈಡ್ ಲೆಕ್ಕ ಹಾಕಿ. ಐದು ಬಲೂನ್ ಬರುತ್ತೆ: ಮೂರು ಸೊಂಟದ ಸುತ್ತ, ಒಂದು ಮೇಲೆ, ಒಂದು ಕೆಳಗೆ. ಲೋನ್ ಪೇರ್‌ಗಳಿಗೆ ಹೆಚ್ಚು ಜಾಗ ಸಿಗೋದು ಸೊಂಟದ ಹತ್ತಿರ. ಅಣು ಮತ್ತೆ ನೆಟ್ಟಗೆ! ಕಾರ್ಬನ್ ಡೈಆಕ್ಸೈಡ್ ನೆಟ್ಟಗಿರೋದು ನಡುವೆ ಲೋನ್ ಪೇರ್ ಒಂದೂ ಇಲ್ಲದ್ದಕ್ಕೆ, ಇದು ನೆಟ್ಟಗಿರೋದು ಮೂರು ಇರೋದಕ್ಕೆ. ಇದನ್ನು ಮಕ್ಕಳಿಗೆ ಬಲೂನ್ ಹಿಡಿದು ತೋರಿಸಿ. ಆಮೇಲೆ ಟೇಬಲ್ ಬಾಯಿಪಾಠ ಮಾಡೋ ಕೆಲಸ ಇರಲ್ಲ. ಮುಂದಿನ ವಾರ ಸಿಗೋಣ.